ಗುಂಬದಿಂದ ಅಳೆದ ಮೋನವ್ವ

ಯಾವ ಇಸವಿ ಅಂತ ಕೇಳಬೇಡಿ, ಬರೆದಿಟ್ಟವರಿಲ್ಲ. ಹಿಂದೆ ಒಂದೂರಲ್ಲಿ ಮೋನವ್ವ ಅನ್ನೋ ಹೆಂಗಸಿದ್ದಳಂತೆ. ಗಾಲಿ ಮಾಡುವ ಬಡಿಗೇರರ ಮಗಳು. ಇದೇ ಕಾರ್ಖಾನೆಯಲ್ಲಿ, ಇದೇ ಕಿಟಕಿ ಪಕ್ಕ ಕಂಪ್ಯೂಟರ್ ಮುಂದೆ ಕೂತು ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆ ಬಿಡಿಸುತ್ತಿದ್ದಳಂತೆ. ಕೂದಲನ್ನು ಹತ್ತು ಸೀಳು ಮಾಡಿದರೆ ಏಳನೆಯದು ಯಾವುದೆಂದು ಬರಿಗಣ್ಣಲ್ಲೇ ಹೇಳುತ್ತಿದ್ದಳು ಅಂತಾರೆ. ಸುಳ್ಳು. ಸೋಡಾಬುಡ್ಡಿ ಕನ್ನಡಕ ಹಾಕುತ್ತಿದ್ದಳು, ನಾನೇ ನೋಡಿದ್ದೀನಿ.

ಒಂದು ಸಲ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ದಿನ ತುಂಬದ ಕೂಸೊಂದು ಹುಟ್ಟಿತು. ಇಷ್ಟೇ ಇಷ್ಟು. ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆಗೆ ಬಿಸಿ ಕೊಡುವ ಬೋರ್ಡ್ ನೋಡಿದರೆ ಸುಟ್ಟುಹೋಗಿತ್ತು. ತಾಯಿ ಕೂಸನ್ನು ಎದೆಗವಚಿಕೊಂಡು ಕೂತಳು. ಅವಳಿಗೆ ಜೋಂಪು ಹತ್ತಿದರೆ ಓಣಿಯ ಹೆಂಗಸರು ಸರದಿ ಮೇಲೆ ಅವಚಿಕೊಂಡರು. ಈ ಕಾರ್ಖಾನೆಯಿಂದ ಹೊಸ ಬೋರ್ಡ್ ಬರುವತನಕ ಜೀವ ನಿಲ್ಲಬೇಕಲ್ಲ.

ಮೋನವ್ವ ತವರಿಗೆ ಹೋಗಿದ್ದಳು. ಕಾರ್ಖಾನೆಯ ಮಾಲೀಕ ರಾಜೇಸಾಬ ತಾನೇ ಕೂತು ಬೋರ್ಡ್ ಬಿಡಿಸಿದ. ಮಾಡಿಸಿ ನೋಡಿದರೆ ಬಿಸಿಯಾಗಲಿಲ್ಲ. ಇನ್ನೊಂದು ಮಾಡಿಸಿದ, ಅದೂ ಇಲ್ಲ. ಪರದೆಯ ಮೇಲೆ ದುಂಡಗೆ ಸುತ್ತಿ ಬಂದ ಗೆರೆ, ತಾನು ಸೇರಬೇಕಾದ ತಾಮ್ರದ ಬೊಟ್ಟಿಗೆ ಮುಟ್ಟಿದ ಹಾಗೇ ಕಾಣುತ್ತಿತ್ತು. ಬೋರ್ಡನ್ನು ಕೈಯಲ್ಲಿ ಹಿಡಿದು ನೋಡಿದರೆ ಕೂದಲೆಳೆಯಷ್ಟು ದೂರ. ಅಷ್ಟು ಸಾಕು, ಕರೆಂಟು ದಾಟುವುದಿಲ್ಲ.

ಹೇಳಿಕಳಿಸಿದರು, ಮೋನವ್ವ ಬಂದಳು. ಗೆರೆಯನ್ನು ಹೇಗೆ ಅಳೆದಿರಿ ಅಂತ ಕೇಳಿದಳಂತೆ. ಆಗಿನ ಕಂಪ್ಯೂಟರಿಗೆ ದುಂಡಗಿನ ಗೆರೆ ಬರುತ್ತಿರಲಿಲ್ಲ. ಚಿಕ್ಕ ಚಿಕ್ಕ ನೆಟ್ಟಗಿನ ತುಂಡು ಜೋಡಿಸಿ ದುಂಡಗೆ ಮಾಡಬೇಕಿತ್ತು. ರಾಜೇಸಾಬ ಒಂದು ತುಂಡು ಮುಗಿದ ಕಡೆಯಿಂದ ಮುಂದಿನದನ್ನು ಅಳೆದಿದ್ದ. ಅಳೆದಾಗೆಲ್ಲ, ಇಷ್ಟರಿಂದ ಏನಾಗುತ್ತೆ ಅಂತ ಕೊನೆಯ ಅಂಕಿಗಳನ್ನು ಬಿಟ್ಟಿದ್ದ. ಮುನ್ನೂರು ತುಂಡು, ಮುನ್ನೂರು ಸಲ ಬಿಟ್ಟದ್ದು. ಹನಿ ಹನಿ ಕೂಡಿದರೆ ಹಳ್ಳ ಅಂತೀವಲ್ಲ, ತಪ್ಪೂ ಹಾಗೇ.

ಮೋನವ್ವ ನಕ್ಕಳು ಅಂತಾರೆ ಕೆಲವರು. ಕೂಸಿನ ಜೀವ ಅಲ್ಲಿರುವಾಗ ಯಾರಾದರೂ ನಗುತ್ತಾರಾ? ಬೈದಳು. "ನಮ್ಮಪ್ಪ ಹಿಂಗ ಗಾಲಿ ಮಾಡಿದ್ರ ಚಕ್ಕಡಿ ಊರ ಅಗಸಿ ಬಾಗಿಲಾ ದಾಟ್ತಿರಲಿಲ್ಲ, ಸಾಹೇಬ್ರ! ಪ್ರತಿ ತುಂಡೂ ಗುಂಬದಿಂದ ಅಳೀಬೇಕು." ಗುಂಬ ಅಂದರೆ ಗಾಲಿಯ ನಟ್ಟನಡುವಿನ ಗಟ್ಟಿ ಮರ.

ಆಮೇಲೆ ಕೂತಳಂತೆ. ಒಂದೊಂದು ತುಂಡಿನ ತುದಿಯನ್ನೂ ದುಂಡಿನ ನಟ್ಟನಡುವಿನಿಂದಲೇ ಹೊಸದಾಗಿ ಲೆಕ್ಕ ಹಾಕಿದಳಂತೆ. ಒಂದು ಅಂಕಿಯನ್ನೂ ನಡುವೆ ಬಿಡಲಿಲ್ಲವಂತೆ. ರಾಜೇಸಾಬ ಪಕ್ಕದಲ್ಲೇ ನಿಂತು ಅಂಕಿ ಓದಿ ಹೇಳಿದನಂತೆ, ರೊಟ್ಟಿ ತಣ್ಣಗಾಯಿತಂತೆ. ಮುನ್ನೂರನೆಯ ತುಂಡು ಸೀದಾ ಬೊಟ್ಟಿನ ಮೇಲೇ ಹೋಗಿ ಕೂತಿತು.

ಮರುದಿನ ಬೋರ್ಡ್ ಆಸ್ಪತ್ರೆಗೆ ಬಂತು, ಪೆಟ್ಟಿಗೆಗೆ ಕೂಡಿಸಿದರು. ಕೂಸನ್ನು ಮಲಗಿಸುವ ಮುಂಚೆ, ಅವಚಿಕೊಂಡಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಪೆಟ್ಟಿಗೆಯೊಳಗೆ ಅಂಗೈ ಇಟ್ಟು ನೋಡಿದರಂತೆ. ಬೆಚ್ಚಗಿತ್ತು.

ಈಗಿನ ಕಂಪ್ಯೂಟರಿಗೆ ದುಂಡಗಿನ ಗೆರೆ ತಾನಾಗಿಯೇ ಬರುತ್ತೆ, ಯಾರೂ ಗುಂಬದ ಮಾತೆತ್ತುವುದಿಲ್ಲ. ಆದರೂ ಕೂಸಿನ ಪೆಟ್ಟಿಗೆಯ ಬೋರ್ಡ್ ಇಲ್ಲಿಂದ ಹೊರಡುವ ಮುಂಚೆ ಕರೆಂಟು ಕೊಟ್ಟು, ನಾವೆಲ್ಲ ಅಂಗೈ ಇಟ್ಟು ನೋಡುತ್ತೀವಿ. ಬೆಚ್ಚಗಾದರೆ "ಮೋನವ್ವ ಬಂದಳು" ಅಂತೀವಿ. ನನ್ನ ಕೈ ಮಾತ್ರ ಬೇಗ ಮೇಲೇಳಲ್ಲ ಅಂತ ನೀವು ಹಿಂದಿನಿಂದ ನಗ್ತೀರಿ, ನನಗೆ ಗೊತ್ತು. ನಗ್ರಿ. ಆ ಕೂಸು ನಾನೇ.

ಬನ್ನಿ, ಇವತ್ತಿನ ಬೋರ್ಡ್ ಬಂದಿದೆ. ಕೈ ಇಡಿ.