ಹುಲಿಗೆವ್ವನ ಉಡಿದಾರ

ದಾರ ಆಮೇಲೆ ಕೊಡುತ್ತೇನೆ. ಮೊದಲು ಈ ಮರಳಲ್ಲಿ ಕುಳಿತು ಕಥೆ ಕೇಳಿ. ಕೇಳದೆ ದಾರ ಕಿತ್ತುಕೊಂಡು ಓಡುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಬಹಳ ಹಿಂದೆ, ಎಷ್ಟು ಹಿಂದೆ ಎಂದು ನನ್ನ ತಲೆ ತಿನ್ನಬೇಡಿ, ಹೊಳೆದಂಡೆಯ ಇದೇ ಊರಲ್ಲಿ ಹುಲಿಗೆವ್ವ ಎಂಬವಳಿದ್ದಳು. ಅಂಬಿಗರವಳು. ಹರಿಗೋಲು ಹಾಕಿ ಜನರನ್ನು ದಾಟಿಸುವುದು ಅವಳ ಕೆಲಸ. ಕಡ್ಡಿಯಂಥ ಕೈ, ಕಡ್ಡಿಯಂಥ ಕಾಲು. ಅಂಥವಳು ಶ್ರಾವಣದ ಕೆನ್ನೀರಿನಲ್ಲಿ ಈ ದಂಡೆಯಿಂದ ಆ ದಂಡೆಗೆ ಈಜುತ್ತಿದ್ದಳಂತೆ. ಅಲ್ಲಿ ಕುಳಿತು ಒಂದು ಎಲೆ ಅಡಿಕೆ ಹಾಕಿಕೊಂಡು ಮತ್ತೆ ಈಜಿ ಬರುತ್ತಿದ್ದಳಂತೆ. ಅವಳನ್ನು ಕಂಡರೆ ಮೊಸಳೆ ದಾರಿ ಬಿಡುತ್ತಿತ್ತಂತೆ. ಮೊಸಳೆಯ ಮಾತನ್ನು ನಾನು ನಂಬುವುದಿಲ್ಲ, ಅಂತೆ ಕಂತೆಗಳ ಸಂತೆಯಲ್ಲಿ ಅದೂ ಒಂದು. ಈಜುತ್ತಿದ್ದದ್ದು ಮಾತ್ರ ನಿಜ.

ಇಷ್ಟು ಶಕ್ತಿ ಎಲ್ಲಿಂದ ಬಂತು ಎಂದು ಊರವರು ಕೇಳಿದರು. ಅವಳು ಮುಚ್ಚಿಡಲಿಲ್ಲ. "ಈಜೋದು ಕೈಯಾಗ ಇಲ್ಲ, ಹೊಟ್ಟ್ಯಾಗ ಐತಿ" ಎಂದಳು. ಹೊಟ್ಟೆ ಒಳಗೆಳೆದು ಬಿಗಿ ಹಿಡಿದರೆ ಮೈ ಹಲಗೆಯಂತೆ ನೀರ ಮೇಲೆ ನಿಲ್ಲುತ್ತದೆ. ನಡು ಹೊರಳಿದರೆ ಹೆಗಲು ಹೊರಳುತ್ತದೆ, ಹೆಗಲು ಹೊರಳಿದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ನಡು ಜೋತುಬಿದ್ದರೆ ಕಾಲು ಮುಳುಗುತ್ತದೆ, ಆಮೇಲೆ ಎಷ್ಟು ಕೈ ಬಡಿದರೂ ಇದ್ದಲ್ಲೇ ಇರುತ್ತೀರಿ. ಇಷ್ಟೇ ಮಾತು. ಇದರಲ್ಲಿ ತಿಳಿಯದೇ ಇರುವಂಥದ್ದು ಏನಿದೆ?

ಕಲಿಯಲು ಬಂದವರನ್ನು ಅವಳು ನೀರಿಗೆ ಇಳಿಸುತ್ತಲೇ ಇರಲಿಲ್ಲವಂತೆ. ಮರಳಲ್ಲಿ ಅಂಗಾತ ಮಲಗಿಸುತ್ತಿದ್ದಳು. ತಲೆಯನ್ನೂ ಕಾಲನ್ನೂ ಒಂದು ಗೇಣು ಮೇಲೆತ್ತಿ ಹಾಗೇ ಇರಬೇಕು. ಅವಳು ಎಲೆ ಅಡಿಕೆ ಜಗಿದು ಮುಗಿಸುವ ತನಕ ಇಳಿಸುವಂತಿಲ್ಲ. ಹೊಟ್ಟೆ ಒಳಗೆ ಹೋಗಿದೆಯೋ ಇಲ್ಲವೋ ಎಂದು ನೋಡಲು ಹೊಕ್ಕುಳ ಮೇಲೆ ಒಂದು ಕರಿ ದಾರ ಬಿಗಿಯಾಗಿ ಕಟ್ಟುತ್ತಿದ್ದಳು. ಹೊಟ್ಟೆ ಎಳೆದುಕೊಂಡರೆ ದಾರ ಸಡಿಲಾಗುತ್ತದೆ, ಬಿಟ್ಟರೆ ಚರ್ಮಕ್ಕೆ ಕಚ್ಚುತ್ತದೆ. ದಾರದ ಕೆಲಸ ಅಷ್ಟೇ.

ಆದರೆ ನಮ್ಮ ಜನ! ಮರಳು ಬೇಡ, ಹೊಟ್ಟೆ ನೋಯುತ್ತದೆ. ದಾರ ಬೇಕು. ಹುಲಿಗೆವ್ವನ ದಾರ ಕಟ್ಟಿಕೊಂಡವರು ಮುಳುಗುವುದಿಲ್ಲವಂತೆ ಎಂದು ಒಬ್ಬರು ಹೇಳಿದರು. ಒಬ್ಬರು ಹೇಳಿದ್ದು ಹತ್ತು ಜನಕ್ಕಾಯಿತು, ಹತ್ತು ಊರಿಗಾಯಿತು. ಅದು ಬರೀ ದಾರ ಎಂದು ಅವಳು ಹೇಳಿದಳು, ಬೈದಳು, ಬಾಗಿಲು ಹಾಕಿಕೊಂಡಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಬೇಸತ್ತು, ತಗೊಂಡು ಹಾಳಾಗಿ ಹೋಗಿ ಎಂದು ಕಟ್ಟತೊಡಗಿದಳು. ಅವಳು ಮಾಡಿದ ತಪ್ಪು ಅದೊಂದೇ.

ಅವಳ ತಂಗಿಯ ಮಗ ಗದಿಗೆಪ್ಪ ಎಂಬವನಿದ್ದ. ತಾಯಿಲ್ಲದ ಕೂಸು, ಹುಲಿಗೆವ್ವನೇ ಸಾಕಿದ್ದಳು. ಬೆಳೆದು ಗರಡಿಯ ಪೈಲ್ವಾನನಾದ. ತೊಡೆಯಷ್ಟು ದಪ್ಪ ತೋಳು. ಅವನೂ ಮರಳಲ್ಲಿ ಮಲಗಲಿಲ್ಲ. ಕಾಡಿ ಬೇಡಿ ಅವಳ ಕೈಯಿಂದಲೇ ಏಳು ದಾರ ಕಟ್ಟಿಸಿಕೊಂಡ.

ಒಂದು ಮಳೆಗಾಲ ಹೊಳೆ ಉಕ್ಕಿ, ಹಗ್ಗ ಹರಿದು ಹರಿಗೋಲು ತೇಲಿಹೋಯಿತು. ನಾನು ತರುತ್ತೇನೆ ಎಂದು ಗದಿಗೆಪ್ಪ ಹಾರಿಯೇಬಿಟ್ಟ. ಏಳು ದಾರ ಇದೆಯಲ್ಲ! ನಡುನೀರಿಗೆ ಹೋಗುವಷ್ಟರಲ್ಲಿ ತೋಳು ಸೋತಿತು, ನಡು ಕುಸಿಯಿತು, ಕಾಲು ಕೆಳಗೆ ಹೋಯಿತು. ದಂಡೆಯ ಮೇಲಿದ್ದವರೆಲ್ಲ, ದಾರ ಇದೆ ಬಿಡು, ಏನೂ ಆಗುವುದಿಲ್ಲ ಎಂದು ನೋಡುತ್ತ ನಿಂತರಂತೆ. ಅವರ ಬುದ್ಧಿಗೆ ಏನು ಹೇಳಬೇಕು?

ಆಗಲೇ ತಲೆ ನರೆತಿದ್ದ ಹುಲಿಗೆವ್ವ ಸೀರೆ ಕಚ್ಚೆ ಹಾಕಿ ನೀರಿಗೆ ಧುಮುಕಿದಳು. ಹೊಳೆ ಎರಡಾಗಿ ಸೀಳಿತಂತೆ ಎನ್ನುತ್ತಾರೆ. ಸೀಳಲಿಲ್ಲ, ಅವಳು ಈಜಿದಳು. ಅವನ ಹತ್ತಿರ ಹೋಗಿ, ತಬ್ಬಿಕೊಳ್ಳಲು ಬಂದವನ ಕೆನ್ನೆಗೆ ಒಂದು ಬಾರಿಸಿದಳು. ಅವನ ಸೊಂಟಕ್ಕೆ ಕೈ ಹಾಕಿ ಏಳೂ ದಾರವನ್ನು ಕಿತ್ತು ನೀರಿಗೆ ಬಿಟ್ಟಳು.

"ದಾರ ಹೋತು. ಇನ್ನ ನಿನಗ ಹೊಟ್ಟಿ ಒಂದ ಗತಿ. ಒಳಗ ಎಳಕೋ" ಎಂದಳು.

ಸತ್ತೆ ಎಂದುಕೊಂಡ ಗದಿಗೆಪ್ಪ ಮೊದಲ ಸಲ ದೊಡ್ಡವ್ವನ ಮಾತು ಕೇಳಿದ. ಹೊಟ್ಟೆ ಎಳೆದ. ಕಾಲು ಮೇಲೆ ಬಂತು. ನಡು ಹೊರಳಿಸು ಎಂದಳು, ಹೊರಳಿಸಿದ. ಅವಳು ಬೈಯುತ್ತ ಬೈಯುತ್ತ ಮುಂದೆ, ಅವನು ಹಿಂದೆ, ಇಬ್ಬರೂ ದಂಡೆ ಮುಟ್ಟಿದರು.

ಈಗಲಾದರೂ ಊರಿಗೆ ಬುದ್ಧಿ ಬಂತೇ? ಹುಲಿಗೆವ್ವ ಹೊಳೆಗೆ ದಾರ ಕೊಟ್ಟಳಂತೆ, ಹೊಳೆ ಹುಡುಗನನ್ನು ಬಿಟ್ಟುಕೊಟ್ಟಿತಂತೆ! ಮರುದಿನ ದಾರಕ್ಕೆ ದುಪ್ಪಟ್ಟು ಜನ.

ಕಾಲ ಬಂದು ಹುಲಿಗೆವ್ವ ತೀರಿಕೊಂಡಳು. ಅವಳು ಕೂರುತ್ತಿದ್ದ ಕಲ್ಲಿಗೆ ಜನ ದಾರ ಸುತ್ತತೊಡಗಿದರು. ಗದಿಗೆಪ್ಪ ಕುಡಗೋಲು ತಂದು ಕತ್ತರಿಸಿ ಎಸೆದರೆ, ಕತ್ತರಿಸಿದ ದಾರ ಇನ್ನೂ ಒಳ್ಳೆಯದು ಎಂದು ಆರಿಸಿಕೊಂಡು ಹೋದರಂತೆ. ಹಾಗೆ ಆರಿಸಿದ ದಾರ ಕಟ್ಟಿಕೊಂಡು ಒಬ್ಬಳು ಹುಡುಗಿ ನೀರಿಗಿಳಿದಳು. ಎಂಟು ವರ್ಷದವಳು. ತಿರುಗಿ ಬರಲಿಲ್ಲ.

ಅವತ್ತು ಗದಿಗೆಪ್ಪ ಆ ಕಲ್ಲಿನ ಮೇಲೆ ತಲೆಯಿಟ್ಟು ಅತ್ತನಂತೆ. ಇದನ್ನು ನಾನು ನಂಬುತ್ತೇನೆ. ಅತ್ತು ಎದ್ದು, ಹುಟ್ಟಿದಾರಭ್ಯ ಹೇಳದ ಸುಳ್ಳೊಂದನ್ನು ಹೇಳಿದ. ದೊಡ್ಡವ್ವ ಕನಸಿನಲ್ಲಿ ಬಂದಿದ್ದಳು, ಏಳು ದಿನ ಅವಳ ಕಲ್ಲಿನ ಮುಂದೆ ಅಂಗಾತ ಮಲಗಿ, ತಲೆ ಕಾಲು ಎತ್ತಿ, ಒಂದು ಎಲೆ ಅಡಿಕೆಯಷ್ಟು ಹೊತ್ತು ಹರಕೆ ತೀರಿಸದವರಿಗೆ ದಾರ ಫಲಿಸುವುದಿಲ್ಲವಂತೆ ಎಂದ. ನಿಜ ಹೇಳಿದಾಗ ಒಬ್ಬರೂ ಕೇಳಿರಲಿಲ್ಲ. ಸುಳ್ಳು ಹೇಳಿದ, ಊರಿಗೆ ಊರೇ ಮರಳಲ್ಲಿ ಮಲಗಿತು.

ಇವತ್ತಿಗೂ ಹೊಸ ನೀರು ಬಂದಾಗ ಮಲಗುತ್ತಾರೆ. ಅಲ್ಲಿಂದೀಚೆಗೆ ಈ ಊರಿನ ಒಂದು ಮಗುವನ್ನೂ ಹೊಳೆ ತೆಗೆದುಕೊಂಡಿಲ್ಲ. ಎಲ್ಲ ದಾರದ ಮಹಿಮೆ ಎನ್ನುತ್ತಾರೆ. ನಾನು ಗದಿಗೆಪ್ಪನ ಮರಿಮಗ. ದಾರ ಕಟ್ಟುವುದು ಈಗ ನನ್ನ ಪಾಲಿಗೆ ಬಂದಿದೆ. ನಿಮಗೆ ನಿಜ ಹೇಳಿದ್ದೇನೆ, ಆದರೂ ನಿಮ್ಮ ಕಣ್ಣು ಈ ದಾರದ ಉಂಡೆಯ ಮೇಲೇ ಇದೆ.

ಆಗಲಿ. ಎಲೆ ಬಾಯಿಗೆ ಹಾಕಿಕೊಂಡೆ. ಮಲಗಿ, ಕಾಲು ಎತ್ತಿ. ನನಗೆ ಹಲ್ಲಿಲ್ಲ, ಜಗಿಯುವುದು ನಿಧಾನ.