ಒಂದೇ ಒಲೆಯ ಕಾಲ

“ಗುರುಗಳೇ, ಒಂದೂ ಸುಳ್ಳು ಹೇಳದೆ ಇಡೀ ಊರಿನ ಮನಸ್ಸನ್ನು ತಿರುಗಿಸಲು ಆಗುತ್ತದೆಯೇ?” ಎಂದು ಶಿಷ್ಯ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಬ್ಬ ಜಮೀನ್ದಾರನಿದ್ದ. ಅವನ ತಾತನ ಕಾಲದಲ್ಲಿ ಊರಿನ ರಾಗಿಯೆಲ್ಲ ಅವರ ಮನೆಯ ಕಣಜಕ್ಕೆ ಹೋಗುತ್ತಿತ್ತು. ಊರೆಲ್ಲ ಒಂದೇ ಛತ್ರದಲ್ಲಿ ಉಣ್ಣುತ್ತಿತ್ತು. ಆಮೇಲೆ ಜನ ತಮ್ಮ ತಮ್ಮ ಒಲೆ ಹೂಡಿಕೊಂಡರು. ಕಣಜ ಮತ್ತೆ ತನ್ನ ಕೈಗೆ ಬರಬೇಕೆಂದು ಜಮೀನ್ದಾರನಿಗೆ ಆಸೆಯಾಯಿತು. ಅವನು ಯಾರನ್ನೂ ಗದರಿಸಲಿಲ್ಲ. ಒಬ್ಬ ಹಾಡುಗಾರನನ್ನು ಕರೆಸಿ, ಆ ಕಾಲದ ಊಟವನ್ನು ಹಾಡು ಎಂದ.

ಹಾಡುಗಾರ ಸಂಜೆಯ ಹೊತ್ತು ಜಗಲಿಯ ಮೇಲೆ ಕೂತು ಹಾಡಿದ. ಹಬೆಯಾಡುವ ಮುದ್ದೆ, ಹುರುಳಿ ಸಾರು, ಸಾಲಾಗಿ ಕೂತ ಜನ, ಎಲೆಯಿಂದ ಎಲೆಗೆ ದಾಟುವ ನಗೆಮಾತು. ಒಂದು ಪದವೂ ಸುಳ್ಳಲ್ಲ. ಮುದುಕರು ಕಣ್ಣೊರೆಸಿಕೊಂಡು, ಹೌದು, ಹಾಗೇ ಇತ್ತು ಎಂದರು. ಅದನ್ನು ಕಂಡಿರದ ಹುಡುಗರಿಗೂ ಏನನ್ನೋ ಕಳೆದುಕೊಂಡ ಸಂಕಟ ಹತ್ತಿತು. ಆ ಊಟ ಮತ್ತೆ ಸಿಗಲೆಂದು, ಸುಗ್ಗಿ ಮುಗಿದೊಡನೆ ಎಲ್ಲರೂ ಕಣಜಕ್ಕೆ ರಾಗಿ ಸುರಿಯುವುದೆಂದು ಊರು ಒಪ್ಪಿತು.

ಒಬ್ಬ ಹೆಂಗಸು ಮಾತ್ರ ಒಪ್ಪಲಿಲ್ಲ. ಗಂಡ ಸತ್ತ ಮೇಲೆ ಕಲ್ಲುನೆಲ ಅಗೆದು ಹೊಲ ಮಾಡಿಕೊಂಡವಳು ಅವಳು. ಒಲೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಸ್ವರ್ಗಕ್ಕೆ ಹೋಗುತ್ತಾಳಂತೆ ಎಂದು ನೆರೆಯವರು ಆಡಿಕೊಂಡರು. ಕಡೆಗೆ ಅವಳಿಗೂ ಅಳುಕು ಬಂತು. ತನ್ನ ಹಟದಿಂದ ಮಕ್ಕಳಿಗೆ ಆ ಸುಖ ತಪ್ಪಿಹೋದರೆ?

ಆ ಛತ್ರವನ್ನು ಕಂಡಿದ್ದ ಅತ್ತೆಯನ್ನು ಕೇಳಿದಳು. ಮುದುಕಿಯ ಮುಖ ಅರಳಿತು. ಸಾರಿನ ಘಮ ಇನ್ನೂ ಮೂಗಿನಲ್ಲಿದೆ, ಅಂಥ ಕಾಲ ಮತ್ತೆ ಬಂದೀತೇ ಎಂದಳು.

“ನೀವು ಯಾವ ಸಾಲಿನಲ್ಲಿ ಕೂರುತ್ತಿದ್ದಿರಿ, ಅತ್ತೆ?”

ಮುದುಕಿ ಬೆರಳು ಮಡಿಸಿ ಸಾಲುಗಳನ್ನು ಎಣಿಸತೊಡಗಿದಳು. ಎಣಿಕೆಯನ್ನು ಅರ್ಧಕ್ಕೇ ಬಿಟ್ಟು ಹೇಳಿದಳು:

“ನಾನೆಲ್ಲಿ ಕೂತೆನೇ? ಹಿತ್ತಲಲ್ಲಿ ರಾಗಿ ಬೀಸುತ್ತಿದ್ದೆ. ನಮ್ಮ ಸರದಿ ಬರುವಷ್ಟರಲ್ಲಿ ಪಾತ್ರೆ ತೊಳೆಯುವುದಷ್ಟೇ ಉಳಿದಿರುತ್ತಿತ್ತು.”

ಸುಗ್ಗಿ ಮುಗಿಯಿತು. ಊರಿನ ರಾಗಿ ಕಣಜ ಸೇರಿತು. ಆ ಹೆಂಗಸಿನ ರಾಗಿ ಅವಳ ಮನೆಯಲ್ಲೇ ಉಳಿಯಿತು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅಷ್ಟು ಹಸಿದವಳು ಮೊದಲೇ ಅದನ್ನು ಹೇಳಬಹುದಿತ್ತಲ್ಲ? ಸೊಸೆಯಿಂದ ಏಕೆ ಬಚ್ಚಿಟ್ಟಳು?”

ಗುರುಗಳು ಹೇಳಿದರು: “ಬಚ್ಚಿಡಲಿಲ್ಲ ಮಗು, ಅವಳ ಹಸಿವನ್ನು ಯಾರೂ ಹಾಡಲಿಲ್ಲ, ಅವಳೂ ಮರೆತಿದ್ದಳು.”