ಬೋಳುತಲೆಯ ಫೀಸು

ಹಳೇ ಸಾಲ ಕಟ್ಟದೆ ಬ್ಯಾಂಕಿನಲ್ಲಿ ಹೆಸರು ಕೆಡಿಸಿಕೊಂಡಿದ್ದ ಸಲೂನ್ ಚೆಲುವರಾಜು, ಅದನ್ನು ಸರಿಮಾಡಿಕೊಳ್ಳಲೆಂದೇ ಒಂದು ಕ್ರೆಡಿಟ್ ಕಾರ್ಡ್ ಇಟ್ಟುಕೊಂಡಿದ್ದ. ಅವನ ಕ್ರೆಡಿಟ್ ಸ್ಕೋರು ಏರುತ್ತಿತ್ತು. ಅಷ್ಟರಲ್ಲಿ ಕಾರ್ಡಿಗೆ ವರ್ಷದ ಫೀಸು ಐದು ಸಾವಿರ ಅಂತ ಮೆಸೇಜು ಬಂತು.

ಅದೇ ಬೆಳಿಗ್ಗೆ ಬ್ಯಾಂಕ್ ಮ್ಯಾನೇಜರ್ ಪದ್ಮನಾಭಯ್ಯ ಗಡ್ಡ ಬೋಳಿಸಿಕೊಳ್ಳಲು ಬಂದರು. ತಲೆಯ ಮೇಲೆ ಒಂದೆಳೆ ಕೂದಲಿಲ್ಲ. ಜೇಬಿನಲ್ಲಿ ಬಾಚಣಿಗೆ ಮಾತ್ರ ತಪ್ಪದು.

"ಸಾರ್, ನಿಮ್ಮ ಬ್ಯಾಂಕಿನ ಕಾರ್ಡನ್ನ ನಾನು ಉಜ್ಜೋದೇ ಅಪರೂಪ. ಇಷ್ಟೊಂದು ಫೀಸಾ?"

"ಉಜ್ಜಿದ್ರೆ ಉಜ್ಜು, ಬಿಟ್ರೆ ಬಿಡು. ಇಟ್ಕೊಂಡಿದ್ದಕ್ಕೇ ಫೀಸು ಕಣಯ್ಯಾ. ಬೇಡಾಂದ್ರೆ ರದ್ದು ಮಾಡು. ಹಳೇ ಖಾತೆ ಹೋಗಿ ಸ್ಕೋರು ಬಿದ್ರೆ ನನ್ನ ಕೇಳ್ಬೇಡ."

ಚೆಲುವರಾಜು ಒಂದು ಕೆನ್ನೆ ಬೋಳಿಸಿ ಕತ್ತಿ ಕೆಳಗಿಟ್ಟ.

"ಕಟಿಂಗಿಗೆ ವರ್ಷದ ಫೀಸು ಐದು ಸಾವಿರ ಕೊಡಿ ಸಾರ್."

"ನನಗೆಲ್ಲಯ್ಯಾ ಕೂದಲು?"

"ಬೆಳೆದ್ರೆ ಬೆಳೀಲಿ, ಬಿಟ್ರೆ ಬಿಡ್ಲಿ. ತಲೆ ಇಟ್ಕೊಂಡಿದ್ದಕ್ಕೇ ಫೀಸು. ಬೇಡಾಂದ್ರೆ ಎದ್ದೋಗಿ. ಇನ್ನೊಂದು ಕೆನ್ನೆ ನನ್ನ ಕೇಳ್ಬೇಡಿ."

ಪದ್ಮನಾಭಯ್ಯ ಕನ್ನಡಿ ನೋಡಿಕೊಂಡರು. ನೊರೆ ಮೆತ್ತಿದ್ದ ಕೆನ್ನೆಗೇ ಫೋನಿಟ್ಟು ಬ್ಯಾಂಕಿಗೆ ಹೇಳಿದರು: "ಚೆಲುವರಾಜು ಕಾರ್ಡನ್ನ ಫೀಸಿಲ್ಲದ್ದಕ್ಕೆ ಬದಲಾಯಿಸ್ರಿ. ಖಾತೆ ಹಳೇದೇ ಇರ್ಲಿ."

ಚೆಲುವರಾಜು ಕತ್ತಿ ಎತ್ತಿಕೊಂಡ.

"ನಿಮ್ಮ ಫೀಸೂ ಮನ್ನಾ ಸಾರ್. ತಲೆ ಮಾತ್ರ ರದ್ದು ಮಾಡ್ಬೇಡಿ. ಹಳೇದಾದಷ್ಟೂ ಸ್ಕೋರು ಜಾಸ್ತಿ."